ಗೊಣಗಾಟ ಕೇಳಿಸುವಾಗಲೇ ಎಚ್ಚರಾಗಬೇಕು

ಬೆಂಗಳೂರಿನ ಯಾವ ದೊಡ್ಡ ಚರ್ಚಿನ ಗೇಟಿನ ಬಳಿ ಹೋದರೂ ಆರಾಧನೆಯ ವೇಳಾಪಟ್ಟಿಯ ಫಲಕವೊಂದು ಕಣ್ಣಿಗೆ ಬೀಳುತ್ತದೆ. ನಸುಕಿಗೆ ತಮಿಳು, ಆಮೇಲೆ ಕನ್ನಡ, ಬಿಸಿಲೇರುವ ಹೊತ್ತಿಗೆ ಇಂಗ್ಲಿಷ್, ತಿಂಗಳಿಗೊಮ್ಮೆಯೋ ಎರಡು ಸಲವೋ ಕೊಂಕಣಿ ಅಥವಾ ಮಲಯಾಳಂ. ಹೊರಊರಿನಿಂದ ಬಂದವರಿಗೆ ನಾವು ಈ ಫಲಕವನ್ನು ಹೆಮ್ಮೆಯಿಂದಲೇ ತೋರಿಸುತ್ತೇವೆ. ಎಷ್ಟು ಭಾಷೆ ನೋಡಿ, ಎಲ್ಲರಿಗೂ ಇಲ್ಲಿ ಜಾಗವಿದೆ ಎನ್ನುತ್ತೇವೆ. ಜಾಗ ಇರುವುದು ನಿಜ. ಆದರೆ ಏಳೂವರೆಯ ಜನಕ್ಕೂ ಒಂಬತ್ತರ ಜನಕ್ಕೂ ಮುಖಾಮುಖಿಯಾಗುವುದು ಎಲ್ಲಿ ಎಂದು ಕೇಳಿದರೆ ಉತ್ತರ ಮುಜುಗರ ತರುತ್ತದೆ: ಪಾರ್ಕಿಂಗ್ ಜಾಗದಲ್ಲಿ. ಒಬ್ಬರ ಸ್ಕೂಟರ್ ಹೊರಗೆ ಹೋಗದೆ ಇನ್ನೊಬ್ಬರ ಕಾರು ಒಳಗೆ ಬರುವುದಿಲ್ಲ. ವರ್ಷದುದ್ದಕ್ಕೂ ಅವರ ನಡುವೆ ನಡೆಯುವ ಮಾತುಕತೆ ಹೆಚ್ಚುಕಡಿಮೆ ಅಷ್ಟೇ.

ನಾಲ್ಕು ಸಭೆಗಳು ಒಂದು ಕಟ್ಟಡವನ್ನು ಸರದಿಯ ಮೇಲೆ ಬಳಸುತ್ತಿರುವುದನ್ನು ನಾವು ವೈವಿಧ್ಯ ಎಂದು ತಿಳಿದುಕೊಂಡಿದ್ದೇವೆ. ಸದ್ಯಕ್ಕೆ ಇದೇನೂ ಬಿಕ್ಕಟ್ಟಲ್ಲ. ಜಗಳವಿಲ್ಲ, ಪೊಲೀಸರು ಬಂದಿಲ್ಲ, ಕೋರ್ಟಿನಲ್ಲಿ ದಾವೆಯಿಲ್ಲ. ಎಚ್ಚರಿಕೆಯ ಮಾತನ್ನು ಈಗಲೇ ಆಡಬೇಕಾಗಿರುವುದೂ ಅದಕ್ಕೇ. ಹೊಸಬರನ್ನು ಒಳಗೆ ಕರೆದು ಕೈಗೆ ಕೆಲಸ ಕೊಡದ ಸಭೆ ಒಂದೇ ದಿನದಲ್ಲಿ ಒಡೆಯುವುದಿಲ್ಲ. ಮೊದಲು ಗೊಣಗಾಟ ಕೇಳಿಸುತ್ತದೆ. ಕೆಲವು ವರ್ಷಗಳಲ್ಲಿ ಅದೂ ನಿಂತುಹೋಗುತ್ತದೆ. ನಿಂತಿತಲ್ಲ ಎಂದು ಹಿರಿಯರು ನೆಮ್ಮದಿಯ ಉಸಿರು ಬಿಡುತ್ತಾರೆ. ಅಷ್ಟರಲ್ಲಿ ಗೊಣಗುತ್ತಿದ್ದವರು ಹೊರಟುಹೋಗಿರುತ್ತಾರೆ.

ಕ್ರೈಸ್ತ ಸಭೆಯ ಮೊಟ್ಟಮೊದಲ ಒಳಜಗಳವೂ ಭಾಷೆಯ ಗೆರೆಯ ಮೇಲೆಯೇ ಹುಟ್ಟಿತ್ತು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಅದು ದಾಖಲಾಗಿದೆ. ಯೆರೂಸಲೇಮಿನ ಸಭೆ ಬೆಳೆಯುತ್ತಿತ್ತು. ಅಲ್ಲಿ ಗ್ರೀಕ್ ಮಾತಿನವರೂ ಇದ್ದರು, ಸ್ಥಳೀಯ ಮಾತಿನವರೂ ಇದ್ದರು. ದಿನದಿನದ ಆಹಾರ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಯಾರೂ ಲೆಕ್ಕಕ್ಕೆ ಇಡುತ್ತಿಲ್ಲ ಎಂದು ಗ್ರೀಕ್ ಮಾತಿನವರು ಗೊಣಗಿದರು. ನಮ್ಮ ಕಮಿಟಿಗಳಿಗೆ ಇಂಥ ದೂರು ಬಂದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಐಕ್ಯದ ಮೇಲೆ ಒಂದು ಪ್ರಸಂಗ, ಒಂದು ಸಂಯುಕ್ತ ಆರಾಧನೆ, ಕೊನೆಗೆ ಎಲ್ಲರಿಗೂ ಬಿರಿಯಾನಿ. ಅಪೊಸ್ತಲರು ಇಡೀ ಸಭೆಯನ್ನು ಕರೆದು ಏಳು ಮಂದಿಯನ್ನು ಆರಿಸಲು ಹೇಳಿದರು. ಆಯ್ಕೆಯಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಕೊನೆಯ ನಿಕೊಲಾಯನಂತೂ ಹುಟ್ಟಿನಿಂದ ಯೆಹೂದ್ಯನೇ ಅಲ್ಲ, ಅಂತಿಯೋಕ್ಯದವನು, ಮತಾಂತರಗೊಂಡು ಬಂದವನು. ಉಗ್ರಾಣದ ಕೀಲಿ ದೂರು ಕೊಟ್ಟವರ ಕಡೆಯವರ ಕೈಗೇ ಹೋಯಿತು. ಮುಂದೆ ಅಂತಿಯೋಕ್ಯದಲ್ಲಿ ಬೆಳೆದ ಸಭೆಯ ಮುಂದಾಳುಗಳ ಪಟ್ಟಿಯಲ್ಲಿ ಸೈಪ್ರಸ್ಸಿನವನಿದ್ದ, ಉತ್ತರ ಆಫ್ರಿಕದ ಕುರೇನೆಯವನಿದ್ದ, ಹೆರೋದನ ಅರಮನೆಯಲ್ಲಿ ಬೆಳೆದವನಿದ್ದ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದದ್ದೂ ಆ ಊರಿನಲ್ಲೇ.

ಗೊಣಗಾಟಕ್ಕೆ ಕಿವಿಗೊಡದ ಸಭೆಯ ಕಥೆ ಇಷ್ಟು ಹಳೆಯದಲ್ಲ. 1948ರ ಜೂನ್‌ನಲ್ಲಿ ಎಂಪೈರ್ ವಿಂಡ್‌ರಷ್ ಹಡಗು ಕೆರಿಬಿಯನ್ ದ್ವೀಪಗಳ ಜನರನ್ನು ಇಂಗ್ಲೆಂಡಿನ ಟಿಲ್ಬರಿ ಬಂದರಿಗೆ ತಂದಿಳಿಸಿತು. ಆ ಹಡಗಿನಲ್ಲೂ ಅದರ ಹಿಂದೆ ಬಂದ ಹಡಗುಗಳಲ್ಲೂ ಆಂಗ್ಲಿಕನ್ ಸಭೆಯವರು ಬಹಳ ಮಂದಿ ಇದ್ದರು. ಊರಿನ ಪಾದ್ರಿಯಿಂದ ಪರಿಚಯ ಪತ್ರ ಬರೆಸಿಕೊಂಡು ಬಂದವರಿದ್ದರು. ಅವರು ಬಂದದ್ದು ತಮ್ಮದೇ ಸಭೆಗೆ. ಹಲವು ಚರ್ಚುಗಳಲ್ಲಿ ಅವರಿಗೆ ಸಿಕ್ಕಿದ್ದು ತಣ್ಣಗಿನ ಮುಖ. ಮುಂದಿನ ವಾರ ಬರದಿದ್ದರೆ ಒಳ್ಳೆಯದು, ಉಳಿದವರಿಗೆ ಇರುಸುಮುರುಸಾಗುತ್ತದೆ ಎಂದು ಬಾಗಿಲಲ್ಲೇ ಹೇಳಿಸಿಕೊಂಡವರೂ ಇದ್ದರು. ಅವರು ಮುಷ್ಕರ ಹೂಡಲಿಲ್ಲ. ಮನೆಯ ಕೋಣೆಗಳಲ್ಲಿ, ಬಾಡಿಗೆ ಸಭಾಂಗಣಗಳಲ್ಲಿ ಕೂಡಿಕೊಂಡು ಪ್ರಾರ್ಥಿಸಿದರು, ಕ್ರಮೇಣ ತಮ್ಮದೇ ಸಭೆಗಳನ್ನು ಕಟ್ಟಿಕೊಂಡರು. ಲಂಡನ್ನಿನಲ್ಲಿ ಹಳೆಯ ಚರ್ಚುಗಳ ಬೆಂಚು ಖಾಲಿಯಾಗುತ್ತಾ ಹೋದ ಕಾಲದಲ್ಲಿ ಈ ಸಭೆಗಳು ತುಂಬಿ ತುಳುಕಿದವು. ಚರ್ಚ್ ಆಫ್ ಇಂಗ್ಲೆಂಡಿನ ಮಹಾಸಭೆ ಕ್ಷಮೆ ಕೇಳುವ ನಿರ್ಣಯ ಮಾಡಿದ್ದು 2020ರ ಫೆಬ್ರವರಿಯಲ್ಲಿ. ಹಡಗು ಬಂದು ಎಪ್ಪತ್ತು ವರ್ಷ ದಾಟಿತ್ತು. ಯಾರಲ್ಲಿ ಕ್ಷಮೆ ಕೇಳಬೇಕಾಗಿತ್ತೋ ಆ ಮೊದಲ ತಲೆಮಾರಿನ ಎಷ್ಟೋ ಮಂದಿ ಆಗಲೇ ತೀರಿಕೊಂಡಿದ್ದರು.

ನಮ್ಮಲ್ಲೂ ಜನ ಬರುತ್ತಿದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87, ಅಂದರೆ ಸುಮಾರು ಹನ್ನೊಂದೂವರೆ ಲಕ್ಷ. ಇಷ್ಟು ಸಣ್ಣ ಸಮುದಾಯದೊಳಗೆ ಇರುವಷ್ಟು ಬಗೆ ಬೇರೆಡೆ ಸಿಗುವುದು ಅಪರೂಪ. ಹದಿನೇಳನೆಯ ಶತಮಾನದ ಮೈಸೂರು ಮಿಷನ್ನಿನ ಕಾಲಕ್ಕೆ ಬೇರು ಚಾಚಿಕೊಂಡು ಕನ್ನಡದಲ್ಲೇ ಜಪ ಮಾಡುತ್ತ ಬಂದ ಹಳ್ಳಿಯವರಿದ್ದಾರೆ. 1809ರಲ್ಲಿ ದಂಡು ಪ್ರದೇಶ ಹುಟ್ಟಿದ ಮೇಲೆ ಸೈನ್ಯದ ಬೆನ್ನಿಗೆ ಬಂದ ತಮಿಳರಿದ್ದಾರೆ. ಮಂಗಳೂರಿನ ಕೊಂಕಣಿಗರು, ಬಾಸೆಲ್ ಮಿಷನ್ ಪರಂಪರೆಯ ತುಳು ಮತ್ತು ಕನ್ನಡ ಸಭೆಯವರು, ಕೇರಳದಿಂದ ಬಂದ ದಾದಿಯರು ಮತ್ತು ಐಟಿ ಉದ್ಯೋಗಿಗಳು ಇದ್ದಾರೆ. ಇತ್ತೀಚಿನ ದಶಕಗಳಲ್ಲಿ ನಾಗಾ, ಮಿಜೊ, ಕುಕಿ, ಖಾಸಿ ಯುವಜನರು ಬಂದರು. ಜಾರ್ಖಂಡ್, ಒಡಿಶಾ, ಛತ್ತೀಸಗಢದ ಒರಾಂವ್, ಮುಂಡಾ, ಖಾರಿಯಾ ಮನೆಗೆಲಸದವರೂ ಕಟ್ಟಡ ಕಾರ್ಮಿಕರೂ ಬಂದರು. ಆಫ್ರಿಕದ ವಿದ್ಯಾರ್ಥಿಗಳೂ ಬಂದರು. ಈ ಬಗೆಗಳನ್ನು ತೋರಿಸಲು ಸೆಪ್ಟೆಂಬರ್ 8ರ ಮರಿಯಮ್ಮನ ಹುಟ್ಟುಹಬ್ಬ ಒಂದೇ ಸಾಕು. ಶಿವಾಜಿನಗರದ ಬಸಿಲಿಕದಲ್ಲಿ ಅದು ತೇರಿನ ಹಬ್ಬ. ಮಂಗಳೂರಿನ ಕೊಂಕಣಿಗರಿಗೆ ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವ ಮೊಂತಿ ಹಬ್ಬ. ಕೇರಳದವರಿಗೆ ಎಂಟು ದಿನದ ನೋಂಬು ಮುಗಿಯುವ ದಿನ. ಈ ಮೂರೂ ಬಗೆಯವರು ಒಂದೇ ಧರ್ಮಕೇಂದ್ರದಲ್ಲಿ ಇದ್ದರೂ ಒಬ್ಬರ ಹಬ್ಬ ಇನ್ನೊಬ್ಬರಿಗೆ ಗೊತ್ತಾಗುವುದು ವಾಟ್ಸ್‌ಆ್ಯಪ್ ಚಿತ್ರದಿಂದ.

ಈ ಬೇಲಿಗಳು ಯಾರದೋ ದುರುದ್ದೇಶದಿಂದ ಎದ್ದವಲ್ಲ, ಒಳ್ಳೆಯ ಕಾರಣಗಳಿಂದಲೇ ಎದ್ದವು. 1963ರ ಡಿಸೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜಾವಿಧಿಗೆ ಆಯಾ ನಾಡಿನ ಭಾಷೆಗಳನ್ನು ತೆರೆದಿಟ್ಟಿತು. ಅಲ್ಲಿಯವರೆಗೆ ಕಥೋಲಿಕರ ಬಲಿಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಅರ್ಥವಾಗದಿರುವುದರಲ್ಲಿ ತಮಿಳರು, ಕನ್ನಡಿಗರು, ಕೊಂಕಣಿಗರು ಎಲ್ಲರೂ ಸಮಾನರಾಗಿದ್ದರು. ಪೂಜೆ ಅರ್ಥವಾಗತೊಡಗಿದ ದಿನದಿಂದ ಯಾರ ಭಾಷೆಯಲ್ಲಿ ಎಂಬ ಪ್ರಶ್ನೆಯೂ ಹುಟ್ಟಿತು. ಬೆಂಗಳೂರಿನ ಕಥೋಲಿಕ ವಲಯದಲ್ಲಿ ಆ ಪ್ರಶ್ನೆ ದಶಕಗಳ ಕಾಲ ಕಹಿಯಾಗಿಯೇ ಉಳಿಯಿತು. ಇನ್ನೊಂದೆಡೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಸೇರಿ ದಕ್ಷಿಣ ಭಾರತ ಸಭೆಯಾದಾಗ ಜಗತ್ತೇ ಬೆರಗಾಯಿತು. ಬಿಷಪ್ ಇರುವವರೂ ಬಿಷಪ್ ಬೇಡವೆನ್ನುವವರೂ ಒಂದಾದದ್ದು ಸಣ್ಣ ಮಾತಲ್ಲ. ಮಿಷನ್ನುಗಳ ನಡುವಿನ ಗೋಡೆ ಅಂದು ಬಿತ್ತು. ದಂಡಿನ ಸಭೆ, ಪೇಟೆಯ ಸಭೆ, ಈ ಭಾಷೆಯ ಸಭೆ, ಆ ಭಾಷೆಯ ಸಭೆ ಎಂಬ ಗೋಡೆಗಳು ಬಹುಮಟ್ಟಿಗೆ ಹಾಗೆಯೇ ನಿಂತಿವೆ.

ಕನ್ನಡ ಕ್ರೈಸ್ತರ ಅಳಲನ್ನು ಇಲ್ಲಿ ಹಗುರವಾಗಿ ಕಾಣುವಂತಿಲ್ಲ. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಮಿಷನರಿ ಹರ್ಮನ್ ಮೋಗ್ಲಿಂಗ್ ಕೈಯಿಂದ. ಕಿಟೆಲ್ಲರ ನಿಘಂಟು 1894ರಲ್ಲಿ ಬಂತು. ಈ ನೆಲದ ಭಾಷೆಗೆ ಇಷ್ಟು ದುಡಿದ ಪರಂಪರೆಯ ಮಕ್ಕಳು ರಾಜ್ಯದ ರಾಜಧಾನಿಯಲ್ಲೇ ತಮ್ಮ ಭಾಷೆಯ ಆರಾಧನೆಗೆ ಹೊತ್ತು ಕೊಡಿ ಎಂದು ಅರ್ಜಿ ಹಿಡಿದು ನಿಲ್ಲಬೇಕಾದರೆ ನೋವಾಗುವುದು ಸಹಜ. ಎಲ್ಲರನ್ನೂ ಒಳಗೊಳ್ಳುವುದು ಎಂದರೆ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿಬಿಡುವುದು ಎಂದು ತಿಳಿದ ಸಭೆಗಳು ಈ ನೋವಿಗೆ ಉಪ್ಪು ಸವರುತ್ತಿವೆ. ಇಂಗ್ಲಿಷ್ ಎಲ್ಲರಿಗೂ ಸೇರಿದ ಅಂಗಳ ಎಂಬ ನಂಬಿಕೆಯೇ ತಪ್ಪು. ಆ ಅಂಗಳದಲ್ಲಿ ಖಾಸಿ ಪದವೀಧರೆಯೂ ಮಲಯಾಳಿ ಎಂಜಿನಿಯರರೂ ಸಲೀಸಾಗಿ ಓಡಾಡುತ್ತಾರೆ. ಅದೇ ಚರ್ಚಿನ ಕನ್ನಡದ ಕಾವಲುಗಾರ, ಸಾದ್ರಿ ಮಾತಾಡುವ ಮನೆಗೆಲಸದ ಹೆಂಗಸು, ತಮಿಳಿನ ಪೌರಕಾರ್ಮಿಕೆ ಹೊರಗೇ ಉಳಿಯುತ್ತಾರೆ. ಭಾಷೆಯ ಹೆಸರಿನಲ್ಲಿ ವರ್ಗದ ಬೇಲಿಯೊಂದು ಏಳುತ್ತದೆ. ಅದಕ್ಕೆ ಆಧುನಿಕತೆ ಎಂದು ಹೆಸರಿಡುತ್ತೇವೆ.

ಭಾಷೆಯ ಬೇಲಿಯ ಹಿಂದೆ ಇನ್ನೊಂದು ಬೇಲಿಯೂ ಇದೆ. ನಮ್ಮಲ್ಲಿ ಜಾತಿ ಇಲ್ಲ ಎನ್ನುವ ಮಾತು ಪ್ರಸಂಗ ಪೀಠಕ್ಕೆ ಹೊಂದುತ್ತದೆ, ಮದುವೆಯ ಜಾಹೀರಾತಿಗೆ ಹೊಂದುವುದಿಲ್ಲ. 2003ರಲ್ಲಿ ತಮಿಳುನಾಡಿನ ಬಿಷಪ್ಪರನ್ನು ಭೇಟಿಯಾದಾಗ ಪೋಪ್ ಎರಡನೇ ಜಾನ್ ಪಾಲ್ ಸಭೆಯೊಳಗಿನ ಜಾತಿ ತಾರತಮ್ಯದ ವಿರುದ್ಧ ನೇರವಾಗಿಯೇ ಮಾತಾಡಿದ್ದರು. 2016ರ ಡಿಸೆಂಬರ್‌ನಲ್ಲಿ ಭಾರತದ ಕಥೋಲಿಕ ಬಿಷಪ್ಪರ ಮಂಡಳಿ ತನ್ನ ನೀತಿ ದಾಖಲೆಯಲ್ಲಿ ಸಭೆಯೊಳಗೆ ಅಸ್ಪೃಶ್ಯತೆ ಇರುವುದನ್ನು ಒಪ್ಪಿಕೊಂಡಿತು. ಇವೆರಡರ ನಡುವೆ, 2008ರ ಮಾರ್ಚ್‌ನಲ್ಲಿ, ತಮಿಳುನಾಡಿನ ಎರೈಯೂರಿನಲ್ಲಿ ದಲಿತ ಕ್ರೈಸ್ತರು ತಮಗೆ ಪ್ರತ್ಯೇಕ ಧರ್ಮಕೇಂದ್ರ ಬೇಕೆಂದು ಕೇಳಿದಾಗ ಎದ್ದ ಗಲಭೆ ಪೊಲೀಸ್ ಗೋಲಿಬಾರಿನಲ್ಲಿ ಕೊನೆಗೊಂಡಿತು, ಇಬ್ಬರು ಸತ್ತರು. ಅಲ್ಲಿನ ದೂರುಗಳು ಅಂದು ಹುಟ್ಟಿದವಲ್ಲ. ಚರ್ಚಿನಲ್ಲಿ ಎಲ್ಲಿ ಕೂರಬೇಕು, ಹೆಣವನ್ನು ಯಾವ ದಾರಿಯಲ್ಲಿ ಒಯ್ಯಬೇಕು, ಎಲ್ಲಿ ಹೂಳಬೇಕು ಎಂಬ ದಿನನಿತ್ಯದ ಅವಮಾನಗಳನ್ನು ಯಾರೂ ವರ್ಷಗಟ್ಟಲೆ ಕಿವಿಗೆ ಹಾಕಿಕೊಂಡಿರಲಿಲ್ಲ. ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಕೊಡಿ, 1950ರ ರಾಷ್ಟ್ರಪತಿ ಆದೇಶ ತಿದ್ದಿ ಎಂದು ಸರ್ಕಾರದ ಮುಂದೆ ನ್ಯಾಯ ಕೇಳುವ ನಾವು ನಮ್ಮ ಸ್ಮಶಾನದ ನಕ್ಷೆಯನ್ನೂ ಕಮಿಟಿಯ ಪಟ್ಟಿಯನ್ನೂ ಅದೇ ನ್ಯಾಯದ ಕಣ್ಣಿಂದ ನೋಡಬೇಡವೇ?

ಹಾಗಾದರೆ ಅಪಾಯದ ಗುರುತುಗಳು ಯಾವುವು? ಹಾಜರಿಯ ಲೆಕ್ಕದಲ್ಲಿ ಅವು ಕಾಣುವುದಿಲ್ಲ, ಯಾಕೆಂದರೆ ನಗರ ಬೆಳೆಯುತ್ತಿರುವಾಗ ಬೆಂಚುಗಳು ಹೇಗೋ ತುಂಬುತ್ತವೆ. ಹೊಸಬರು ಹಾಡುವವರ ಗುಂಪಿನಲ್ಲಿದ್ದಾರೆ, ಪಾಸ್ಟರೇಟ್ ಕಮಿಟಿಯಲ್ಲಿಲ್ಲ. ಇದು ಒಂದು ಗುರುತು. ಕ್ರಿಸ್ಮಸ್ ಕಾರ್ಯಕ್ರಮಕ್ಕೆ ನಾಗಾ ಹುಡುಗಿಯರ ಶಾಲು, ಹಾಡು ಬೇಕು. ಅವರ ಪೈಕಿ ಯಾರಿಗಾದರೂ ಪಿಜಿಯವರು ರಾತ್ರೋರಾತ್ರಿ ಮನೆ ಖಾಲಿ ಮಾಡಿ ಎಂದಾಗ ಯಾರಿಗೆ ಫೋನ್ ಮಾಡಬೇಕೋ ಗೊತ್ತಿಲ್ಲ. ಕನ್ನಡ ಆರಾಧನೆಯಲ್ಲಿ ತಲೆಗಳು ನರೆಯುತ್ತಿವೆ, ಅವರ ಮೊಮ್ಮಕ್ಕಳು ಇಂಗ್ಲಿಷ್ ಸಂಡೇ ಸ್ಕೂಲಿನಲ್ಲಿದ್ದಾರೆ, ಅಜ್ಜಿಗೂ ಮೊಮ್ಮಗಳಿಗೂ ಒಟ್ಟಿಗೆ ಬರುವ ಪ್ರಾರ್ಥನೆ ಒಂದೂ ಇಲ್ಲ. ಒಂದು ಗುಂಪಿನಲ್ಲಿ ಸಾವಾದರೆ ಇನ್ನೊಂದು ಗುಂಪಿನವರು ಹೋಗುವುದಿಲ್ಲ. ಊರಿನಿಂದ ಬಂದ ಕೂಲಿಯವನೊಬ್ಬ ಕಟ್ಟಡದಿಂದ ಬಿದ್ದು ಸತ್ತರೆ, ಮೊದಲೇ ಜಾಗವಿಲ್ಲದ ನಗರದ ಸ್ಮಶಾನದಲ್ಲಿ ಆರಡಿ ನೆಲ ಕೊಡಲು ಯಾವ ಸಭೆಯ ದಫ್ತರಿನಲ್ಲೂ ಅವನ ಹೆಸರು ಇರುವುದಿಲ್ಲ. ಕೊನೆಯ ಗುರುತು, ಎಲ್ಲಕ್ಕಿಂತ ಗಂಭೀರವಾದದ್ದು: ವಾರ್ಷಿಕ ಮಹಾಸಭೆಯಲ್ಲಿ ಯಾರೂ ಏನೂ ದೂರದಿರುವುದು.

2012ರ ಆಗಸ್ಟ್ ನಮಗೆ ಒಂದು ಪರೀಕ್ಷೆ ಕೊಟ್ಟಿತ್ತು. ಮೊಬೈಲಿನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಲು ಬೆಂಗಳೂರಿನ ನಿಲ್ದಾಣಕ್ಕೆ ಧಾವಿಸಿದರು. ಅವರಲ್ಲಿ ಕ್ರೈಸ್ತರು ಎಷ್ಟೋ ಮಂದಿ. ಅವರು ವಾರವಾರ ಕೂರುತ್ತಿದ್ದ ಬೆಂಚಿನ ಪಕ್ಕದವರಿಗೆ ಅವರ ಹೆಸರು, ಬೀದಿ ಗೊತ್ತಿದ್ದಿದ್ದರೆ ಆ ಕೆಲವು ರಾತ್ರಿಗಳನ್ನು ಪ್ಲಾಟ್‌ಫಾರ್ಮಿನಲ್ಲಿ ಕಳೆಯುವ ಬದಲು ಯಾರದಾದರೂ ಮನೆಯ ಹಜಾರದಲ್ಲಿ ಕಳೆಯಬಹುದಿತ್ತು. 2023ರ ಮೇ ತಿಂಗಳಲ್ಲಿ ಮಣಿಪುರ ಹೊತ್ತಿಕೊಂಡಾಗ ಇಲ್ಲಿ ಓದುತ್ತಿದ್ದ ಕುಕಿ ಮಕ್ಕಳ ಊರುಗಳಲ್ಲಿ ಚರ್ಚುಗಳೂ ಸುಟ್ಟವು, ಮನೆಗಳೂ ಸುಟ್ಟವು. ಪೀಠದಿಂದ ಮಣಿಪುರಕ್ಕಾಗಿ ಪ್ರಾರ್ಥಿಸುವಾಗ ಅದೇ ಚರ್ಚಿನ ಹಿಂದಿನ ಸಾಲಿನಲ್ಲಿ ಮಣಿಪುರದವರೇ ಕೂತಿರಬಹುದು ಎಂಬ ಅರಿವು ಎಷ್ಟು ಕಡೆ ಇತ್ತು?

ಹೊಸಬರನ್ನು ಸಂಶಯದಿಂದ ನೋಡುವುದಕ್ಕೆ ನಮಗೊಂದು ಸಬೂಬು ಇದೆ. ಅದು ಪೂರ್ತಿ ಪೊಳ್ಳೂ ಅಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಸುತ್ತಲಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾದ ಮೇಲೆ, ಮತಾಂತರ ಕಾಯ್ದೆಯ ಗದ್ದಲ ಎದ್ದ ಮೇಲೆ, ಮೊಬೈಲು ಹಿಡಿದು ಹಿಂದೆ ನಿಂತ ಅಪರಿಚಿತನನ್ನು ಕಂಡರೆ ಎದೆ ಝಲ್ಲೆನ್ನುವುದು ನಿಜ. ಆದರೆ ಭಯಕ್ಕೆ ಸಿಸಿಟಿವಿ ಒಂದೇ ಮದ್ದಲ್ಲ. ಬಂದವರ ಹತ್ತಿರ ಹೋಗಿ ಹೆಸರು ಕೇಳಿ, ತನ್ನ ಹೆಸರು ಹೇಳಿ, ಪಕ್ಕದಲ್ಲಿ ಕೂರುವ ಒಬ್ಬ ಹಿರಿಯರಿದ್ದರೆ ಸ್ವಾಗತವೂ ಆಗುತ್ತದೆ, ಯಾರು ಏನು ಎಂಬುದೂ ತಿಳಿಯುತ್ತದೆ. ಬಾಗಿಲಲ್ಲಿ ನಿಲ್ಲುವ ಈ ಕೆಲಸಕ್ಕೆ ಪ್ರತಿ ಭಾಷೆಯ ಗುಂಪಿನಿಂದಲೂ ಒಬ್ಬರು ಸರದಿಯಂತೆ ಇರಲಿ.

ಮಾಡಬೇಕಾದ ಉಳಿದ ಕೆಲಸಗಳಿಗೂ ಕೋಟಿ ರೂಪಾಯಿ ಬೇಕಾಗಿಲ್ಲ. ತಾಯ್ನುಡಿಯ ಆರಾಧನೆಗಳನ್ನು ಮುಚ್ಚುವುದು ಬೇಡ. ದುಃಖದಲ್ಲಿರುವ ಮನುಷ್ಯ ತನ್ನ ಭಾಷೆಯಲ್ಲೇ ಅಳುತ್ತಾನೆ, ದೇವರ ಮುಂದೆಯೂ. ವರ್ಷಕ್ಕೊಂದು ಸಂಯುಕ್ತ ಆರಾಧನೆ ನಡೆಸಿ ಭಾಷೆಗೊಂದು ಹಾಡಿನಂತೆ ಹಂಚಿಬಿಟ್ಟರೂ ಪ್ರಯೋಜನವಿಲ್ಲ. ಒಬ್ಬರು ಹಾಡುವಾಗ ಉಳಿದವರು ಗಡಿಯಾರ ನೋಡುತ್ತಿರುತ್ತಾರೆ. ಆರಾಧನೆ ಬೇರೆ ಬೇರೆ ಇರಲಿ, ಕೆಲಸ ಒಂದಾಗಲಿ. ಸಂಡೇ ಸ್ಕೂಲು ಎಲ್ಲ ಮಕ್ಕಳಿಗೂ ಒಂದೇ ಆಗಲಿ. ಆಸ್ಪತ್ರೆ ಭೇಟಿಗೆ ಹೊರಡುವ ಜೋಡಿಯಲ್ಲಿ ಎರಡು ಭಾಷೆಯವರಿರಲಿ. ಯಾರೇ ತೀರಿಕೊಂಡರೂ ಪ್ರತಿ ಗುಂಪಿನಿಂದ ಒಬ್ಬರಾದರೂ ಮಣ್ಣಿಗೆ ಹೋಗುವುದು ರೂಢಿಯಾಗಲಿ. ಸುಗ್ಗಿ ಹಬ್ಬದ ಅಡುಗೆಯನ್ನು ಕೇಟರಿಂಗಿನವರಿಗೆ ಒಪ್ಪಿಸದೆ ಒಂದೇ ಒಲೆಯ ಸುತ್ತ ಎಲ್ಲರೂ ಸೇರಿ ಮಾಡಲಿ. ತರಕಾರಿ ಹೆಚ್ಚುವ ಎರಡು ಗಂಟೆಯಲ್ಲಿ ಆಗುವ ಪರಿಚಯ ಹತ್ತು ಸಂಯುಕ್ತ ಆರಾಧನೆಗಳಲ್ಲಿ ಆಗುವುದಿಲ್ಲ.

ಭಾನುವಾರ ಬೆಳಿಗ್ಗೆ ರಜೆಯೇ ಇಲ್ಲದವರ ಕಡೆಗೂ ಗಮನ ಹೋಗಬೇಕು. ಹೋಟೆಲು, ಮಾಲು, ಸೆಕ್ಯುರಿಟಿ ಕೆಲಸದವರಿಗೆ ಹತ್ತು ಗಂಟೆಯ ಆರಾಧನೆ ಇದ್ದೂ ಇಲ್ಲದಂತೆ. ಸಂಜೆಯದೊಂದು, ಸರಳ ಹಿಂದಿಯಲ್ಲೋ ಸಾದ್ರಿಯಲ್ಲೋ, ಅವರೇ ನಡೆಸುವಂಥದ್ದು ಶುರುವಾಗಲಿ. ಜೊತೆಗೆ ಪ್ರತಿ ಚರ್ಚಿನ ಹಾಲಿನಲ್ಲೂ ಹೊಸಬರಿಗೆ ಉಚಿತವಾಗಿ ಮಾತಾಡುವ ಕನ್ನಡ ಕಲಿಸುವ ವ್ಯವಸ್ಥೆ ಬರಲಿ. ಕನ್ನಡ ಸಭೆಯ ನಿವೃತ್ತ ಮೇಷ್ಟರು, ಟೀಚರಮ್ಮಂದಿರಿಗೆ ಇದಕ್ಕಿಂತ ಗೌರವದ ಕೆಲಸ ಬೇರೆ ಇಲ್ಲ. ಬಂದವರಿಗೆ ಬಸ್ಸಿನಲ್ಲಿ, ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ಆ ಭಾಷೆ ನೆರವಾಗುತ್ತದೆ. ಇದ್ದವರಿಗೆ ತಮ್ಮ ಭಾಷೆ ಮೂಲೆಗುಂಪಾಗುತ್ತಿಲ್ಲ, ಸಭೆಯನ್ನು ಬೆಸೆಯುತ್ತಿದೆ ಎಂಬ ಭರವಸೆ ಸಿಗುತ್ತದೆ. ಕನ್ನಡದ ಅಭಿಮಾನವೂ ಹೊಸಬರ ಸ್ವಾಗತವೂ ಎದುರುಬದುರು ನಿಲ್ಲಬೇಕಾದವಲ್ಲ ಎಂದು ತೋರಿಸಿಕೊಡಲು ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಕ್ಕಿಂತ ಹೆಚ್ಚು ವಿರೋಧ ಬರುವಂಥದ್ದು, ಅಧಿಕಾರದ ಹಂಚಿಕೆ. ಸದಸ್ಯತ್ವ, ಚಂದಾ, ಇಷ್ಟು ವರ್ಷದ ವಾಸ ಎಂಬ ನಿಯಮಗಳು ಸಭೆಯ ಶಿಸ್ತಿಗೆ ಬೇಕು, ಒಪ್ಪೋಣ. ಆದರೆ ಬಾಡಿಗೆ ಮನೆ ಬದಲಿಸುತ್ತಲೇ ಬದುಕುವ ಜನರನ್ನು ಅವೇ ನಿಯಮಗಳು ಕಾಯಂ ಅತಿಥಿಗಳನ್ನಾಗಿ ಮಾಡುತ್ತವೆ. ವಲಸೆ ಬಂದವರಿಗೆ ಒಂದು ವರ್ಷದೊಳಗೆ ಪೂರ್ಣ ಸದಸ್ಯತ್ವ ಸಿಗುವಂತೆ ನಿಯಮ ಸಡಿಲವಾಗಲಿ. ಕಮಿಟಿಯಲ್ಲಿ ಅವರಿಗೆ ಕೊಡುವ ಸ್ಥಾನ ಸಾಂಸ್ಕೃತಿಕ ಕಾರ್ಯದರ್ಶಿಯದಾಗದೆ ಖಜಾಂಚಿಯದಾಗಲಿ, ಸ್ಮಶಾನ ಸಮಿತಿಯದಾಗಲಿ, ಶಾಲಾ ಪ್ರವೇಶ ಸಮಿತಿಯದಾಗಲಿ. ಯೆರೂಸಲೇಮಿನಲ್ಲಿ ಕೊಟ್ಟದ್ದೂ ಊಟ ಹಂಚುವ ಅಧಿಕಾರವನ್ನೇ. ಹಳಬರು ಕಟ್ಟಿದ್ದನ್ನು ಹೊಸಬರು ಹಾಳುಮಾಡುತ್ತಾರೆಂಬ ಭಯ ಕೆಲವರಿಗಿದೆ. ದಂಡಿನ ಚರ್ಚುಗಳನ್ನು ಕಟ್ಟಿದವರು ಇಂದಿನ ಹಳಬರ ಮುತ್ತಜ್ಜಂದಿರನ್ನೂ ಹೊಸಬರೆಂದೇ ಕಂಡಿದ್ದರು ಎಂಬುದನ್ನು ಅವರು ನೆನಪಿಸಿಕೊಳ್ಳಬೇಕು.

ಇದನ್ನೆಲ್ಲ ಮಾಡದಿದ್ದರೆ ಏನಾಗುತ್ತದೆಂದು ಊಹಿಸಲು ಪ್ರವಾದನೆಯ ವರ ಬೇಕಾಗಿಲ್ಲ. ಇನ್ನೊಂದು ತಲೆಮಾರಿನಲ್ಲಿ ಭಾಷೆಯ ಆರಾಧನೆಗಳು ಒಂದೊಂದಾಗಿ ಬತ್ತುತ್ತವೆ. ಹೊಸಬರು ಮೆಟ್ರೊ ಮಾರ್ಗದ ಪಕ್ಕದ ಬಾಡಿಗೆ ಹಾಲುಗಳಲ್ಲಿ ತಮ್ಮದೇ ಸಭೆ ನಡೆಸಿಕೊಳ್ಳುತ್ತಾರೆ. ಮುಖ್ಯ ರಸ್ತೆಯ ದುಬಾರಿ ನೆಲದ ಮೇಲೆ ಕೆಲವೇ ಕುಟುಂಬಗಳ ಸಭೆ ಉಳಿಯುತ್ತದೆ. ಜನ ಕಡಿಮೆಯಾಗಿ ಆಸ್ತಿ ಮಾತ್ರ ಉಳಿದ ಕಡೆ ಜಗಳಕ್ಕೆ ಕೊರತೆಯಿರುವುದಿಲ್ಲ.

ಆದ್ದರಿಂದ ಕೇಳುವುದು ಒಂದೇ. ಬರುವ ಆಗಮನ ಕಾಲದ ಮೊದಲ ಭಾನುವಾರದೊಳಗೆ ಪ್ರತಿ ಸಭೆಯೂ ಒಂದು ಪುಟದ ವರದಿಯನ್ನು ತನ್ನ ಎಲ್ಲ ಭಾಷೆಗಳಲ್ಲಿ ಓದಲಿ. ಕಳೆದ ಮೂರು ವರ್ಷದಲ್ಲಿ ಹೊಸದಾಗಿ ಬಂದವರು ಯಾರು, ಬರುವುದು ನಿಲ್ಲಿಸಿದವರು ಯಾರು, ಯಾಕೆಂದು ಅವರ ಮನೆಗೆ ಹೋಗಿ ಕೇಳಿದವರು ಯಾರು, ಹಣ ಮತ್ತು ನೆಲದ ಮೇಲೆ ತೀರ್ಮಾನ ಮಾಡುವ ಕುರ್ಚಿಗಳಲ್ಲಿ ಯಾವ ಯಾವ ಸಮುದಾಯದವರಿದ್ದಾರೆ. ಓದಿ ಮುಗಿದ ಮೇಲೆ ಒಂದಿಷ್ಟು ಗೊಣಗಾಟ ಎದ್ದರೆ ಸಭಾಪಾಲಕರು ಸುಮ್ಮನಿರಿಸಬಾರದು, ಬರೆದುಕೊಳ್ಳಬೇಕು. ಗೊಣಗುವವರು ಇನ್ನೂ ಈ ಸಭೆಯನ್ನು ತಮ್ಮದೆಂದುಕೊಂಡಿದ್ದಾರೆ.